ಕ್ಯಾಲಿಫೋರ್ನಿಯಾ ಕಡಲಂಚಿನಲ್ಲಿ ಮನೆ ಮಾಡುವ ಮೊದಲು: ಊರೂರು ತಿರುಗಿ ನೋಡಿದ್ದು

ಕ್ಯಾಲಿಫೋರ್ನಿಯಾದ ಕಡಲತೀರದಲ್ಲಿ ಮನೆ ಮಾಡುವ ಆಸೆ ಇದ್ದರೆ ಊರು ನೋಡಲು ಜೂನ್ ತಿಂಗಳಲ್ಲಿ ಹೋಗಿ. ಅದೂ ಶನಿವಾರ, ಭಾನುವಾರ ಬೇಡ. ಮಂಗಳವಾರವೋ ಬುಧವಾರವೋ ಇರಲಿ. ಬೆಳಿಗ್ಗೆ ಏಳಕ್ಕೆ, ಆಫೀಸಿಗೆ ಹೊರಟವರ ಜೊತೆ ನೀವೂ ಕಾರು ತೆಗೆದು ರಸ್ತೆಗಿಳಿಯಿರಿ. ಅಕ್ಟೋಬರ್‌ನಲ್ಲಿ ಎಲ್ಲ ಊರೂ ಚೆನ್ನಾಗೇ ಕಾಣುತ್ತವೆ. ಆಕಾಶ ನೀಲಿ, ಬಿಸಿಲು ಹಿತ, ಜನ ಕಮ್ಮಿ. ಜೂನ್‌ನಲ್ಲಿ ಮಧ್ಯಾಹ್ನದವರೆಗೂ ಮಂಜು ಮುಸುಕಿರುತ್ತದೆ, ಕೆಲವು ಕಡೆ ಇಡೀ ದಿನ. ಆ ಮಂಜಿನಲ್ಲೂ ಇಷ್ಟವಾದ ಊರಿನಲ್ಲಿ ಧೈರ್ಯವಾಗಿ ಮನೆ ಹುಡುಕಬಹುದು.

ನಾವಿರುವುದು ಸ್ಯಾನ್ ಹೋಸೆಯಲ್ಲಿ. ನಮ್ಮನೆಯವರು ವಾರಕ್ಕೆ ಮೂರು ದಿನ ಸನ್ನಿವೇಲ್ ಆಫೀಸಿಗೆ ಹೋಗಬೇಕು. ಅದೇ ಕಂಪನಿಯ ಆಫೀಸ್ ಸ್ಯಾನ್ ಡಿಯೇಗೋದಲ್ಲೂ ಇದೆ, ಹಾಗಾಗಿ ಆ ಕಡೆಯೂ ನೋಡೋಣ ಎಂದಾಯಿತು. ಮಗಳು ಏಳನೇ ಕ್ಲಾಸು. ಮೈಸೂರಿನಿಂದ ಬಂದ ಅತ್ತೆಗೆ ಮಂಡಿ ನೋವು. ಈ ಮೂವರಿಗೂ ಒಗ್ಗುವ ಊರು ಬೇಕಿತ್ತು. ಪೆಸಿಫಿಕಾದಿಂದ ಶುರುಮಾಡಿ ಕಾರಿನಲ್ಲೇ ದಕ್ಷಿಣಕ್ಕೆ ಇಳಿಯುತ್ತಾ ಹೋದೆವು. ಸಾಧ್ಯವಾದ ಕಡೆಯೆಲ್ಲ ಹೋಟೆಲ್ ಬಿಟ್ಟು ಮನೆಯನ್ನೇ ಬಾಡಿಗೆಗೆ ಹಿಡಿದೆವು. ಅಡುಗೆ ಮಾಡಿ, ಬಟ್ಟೆ ಒಗೆದು, ಹಾಲು ತರಕಾರಿ ತಂದು ಇದ್ದರೆ ಮಾತ್ರ ಊರಿನ ಗುಣ ಗೊತ್ತಾಗುತ್ತದೆ.

ಪೆಸಿಫಿಕಾ ಸ್ಯಾನ್ ಫ್ರಾನ್ಸಿಸ್ಕೋ ಪಕ್ಕದಲ್ಲೇ ಇದೆ. ಅಷ್ಟು ಹತ್ತಿರದಲ್ಲಿ ಕಡಲು ಕಾಣುವ ಮನೆ ಸಿಗುತ್ತದೆ ಎಂದರೆ ಯಾರಿಗಾದರೂ ಮನಸ್ಸಾಗುತ್ತದೆ, ಅಲ್ವಾ? ಅಲ್ಲಿ ನಾವಿದ್ದ ಮನೆಯ ಮಲಗುವ ಕೋಣೆಯ ಕಪಾಟನ್ನು ಮಗಳು ತೆಗೆದಾಗ ಒಳಗಿಂದ ಮುಗ್ಗಲು ವಾಸನೆ ಬಂತು. ಮೂಲೆಯಲ್ಲಿದ್ದ ಒಂದು ಚರ್ಮದ ಬೆಲ್ಟಿನ ಮೇಲೆ ಬೂದು ಬಣ್ಣದ ಬೂಸ್ಟು. ಹೊರಗೋಡೆಗೆ ತಾಗಿದ ಹಲಗೆಯ ಮೇಲೂ ಅದೇ. ಬಾಗಿಲಿನ ಕೀಲುಗಳು ತುಕ್ಕು ಹಿಡಿದು, ಅದರ ಕಂದು ಗೆರೆ ಬಿಳಿ ಬಣ್ಣದ ಮೇಲೆ ಕೆಳಗಿನವರೆಗೆ ಇಳಿದಿತ್ತು. ಅತ್ತೆ ಹಿಂದಿನ ದಿನ ಹಿತ್ತಲಲ್ಲಿ ಹರವಿದ್ದ ಸೀರೆ ಮುಟ್ಟಿ ನೋಡಿ, "ಇಲ್ಲಿ ಬಟ್ಟೆ ಒಣಗಲ್ಲಮ್ಮ, ಮೈಸೂರಲ್ಲಿ ಮಳೆಗಾಲದಲ್ಲೂ ಇಷ್ಟು ತೇವ ಇರಲ್ಲ" ಎಂದರು. ಅಲ್ಲಿಂದ ಮುಂದೆ ಯಾವ ಮನೆ ನೋಡಿದರೂ ಮೊದಲು ಹೊರಗೋಡೆಯ ಕಡೆಯ ಕಪಾಟು ತೆಗೆದು ಮೂಸಿ ನೋಡುವುದು ನಮ್ಮ ಅಭ್ಯಾಸವಾಯಿತು. ಕಿಟಕಿಯ ಕೆಳಮೂಲೆ, ಕೀಲು, ಗ್ಯಾರೇಜಿನಲ್ಲಿರುವ ಸೈಕಲ್ಲಿನ ಚೈನು, ಇವನ್ನೂ ನೋಡಿ. ಮನೆ ಮಾರುವವರು ಗೋಡೆಗೆ ಹೊಸ ಬಣ್ಣ ಹೊಡೆಸಿರುತ್ತಾರೆ, ಕೀಲು ಬದಲಾಯಿಸಿರುವುದಿಲ್ಲ.

ಒಂದೇ ಊರಿನೊಳಗೂ ಹವೆ ಬೇರೆಬೇರೆ. ಪೆಸಿಫಿಕಾದಲ್ಲೇ ಲಿಂಡಾ ಮಾರ್ ಕಣಿವೆಯ ಒಳಭಾಗಕ್ಕೆ ಹೋದರೆ ಬಿಸಿಲು ಜಾಸ್ತಿ. ಹಾಗೆಯೇ ಎಸ್ಪ್ಲನೇಡ್ ಅವೆನ್ಯೂಗೂ ಒಮ್ಮೆ ಹೋಗಿ ಬನ್ನಿ. ಅಲ್ಲಿ ಕಡಲು ಕೊರೆದು ಕೊರೆದು ದಿಬ್ಬ ಕುಸಿದು, ಅಂಚಿನಲ್ಲಿದ್ದ ಅಪಾರ್ಟ್‌ಮೆಂಟುಗಳನ್ನು ಖಾಲಿ ಮಾಡಿಸಿ ಕೆಡವಬೇಕಾಯಿತು. ದಿಬ್ಬದ ಅಂಚಿನ ಮನೆ ಅಗ್ಗಕ್ಕೆ ಸಿಕ್ಕರೆ ಕಾರಣ ಇದ್ದೇ ಇರುತ್ತದೆ.

ಅಲ್ಲಿಂದ ದಕ್ಷಿಣಕ್ಕೆ ಡೆವಿಲ್ಸ್ ಸ್ಲೈಡ್ ಸುರಂಗ ದಾಟಿದರೆ ಮೊಂಟಾರಾ, ಆಮೇಲೆ ಹಾಫ್ ಮೂನ್ ಬೇ. ಈ ಸುರಂಗ ತೆರೆದದ್ದು 2013ರಲ್ಲಿ. ಅದಕ್ಕೂ ಮೊದಲು ರಸ್ತೆ ಬೆಟ್ಟದ ಮಗ್ಗುಲಲ್ಲೇ ಹೋಗುತ್ತಿತ್ತು, ಮಣ್ಣು ಜಾರಿದಾಗಲೆಲ್ಲ ಮುಚ್ಚುತ್ತಿತ್ತು. 2006ರಲ್ಲಿ ತಿಂಗಳುಗಟ್ಟಲೆ ಮುಚ್ಚಿತ್ತು. ಆಗ ಹಾಫ್ ಮೂನ್ ಬೇ ಜನರ ಭಾರವೆಲ್ಲ ಬೆಟ್ಟ ಹತ್ತಿ ಸ್ಯಾನ್ ಮಟೇಯೋಗೆ ಹೋಗುವ ಹೈವೇ 92ರ ಮೇಲೆ ಬಿತ್ತು. ನಮ್ಮ ಪ್ರವಾಸದಲ್ಲಿ ಕಲಿತ ದೊಡ್ಡ ವಿಷಯ ಇದೇ. ಈ ಕರಾವಳಿಯಲ್ಲಿ ಎಷ್ಟೋ ಕಡೆ ಬೆಟ್ಟ ಸೀದಾ ಕಡಲಿಗೇ ಬಂದು ನಿಲ್ಲುತ್ತದೆ. ಬಂಡೆ ಮೆತ್ತಗೆ, ಚಳಿಗಾಲದ ಮಳೆಗೆ ಜಾರುತ್ತದೆ. ಬೇಸಿಗೆಯಲ್ಲಿ ಕಾಡು ಒಣಗಿ ಬೆಂಕಿ ಬೀಳುತ್ತದೆ. ಹಾಗಾಗಿ ಯಾವ ಊರಿಗೆ ಹೋದರೂ ಒಂದು ಪ್ರಶ್ನೆ ಕೇಳಿ: ಇಲ್ಲಿಂದ ಹೊರಗೆ ಹೋಗಲು ಎಷ್ಟು ದಾರಿ ಇದೆ, ಅದರಲ್ಲೊಂದು ಮುಚ್ಚಿದರೆ ಗತಿ ಏನು? ಕಡಲು ಎಷ್ಟು ಹತ್ತಿರ ಎನ್ನುವುದು ಆಮೇಲಿನ ಮಾತು.

ಹಾಫ್ ಮೂನ್ ಬೇಯಿಂದ ಬೆಳಿಗ್ಗೆ 92 ಹತ್ತಿ 280 ಹಿಡಿದು ಸನ್ನಿವೇಲ್‌ಗೆ ಹೋಗಿ ನೋಡಿದೆವು. ತೊಂದರೆಯಾಗಲಿಲ್ಲ. ವಾರದ ಕೊನೆಗೆ ಮಾತ್ರ ಅದೇ ರಸ್ತೆಯಲ್ಲಿ ಕಾರುಗಳ ಸಾಲು ನಿಂತಿರುತ್ತದೆ. ಅಕ್ಟೋಬರ್‌ನ ಕುಂಬಳಕಾಯಿ ಹಬ್ಬದ ದಿನಗಳಲ್ಲಂತೂ ಊರವರು ಮನೆ ಬಿಟ್ಟು ಕದಲುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲೇ ಕೆಲಸ ಇರುವವರಿಗೆ, ಮಂಜು ಒಗ್ಗುತ್ತದೆ ಎನ್ನುವವರಿಗೆ, ಇದು ಒಳ್ಳೆ ಊರು ಎಂದೇ ನನ್ನ ಅಭಿಪ್ರಾಯ.

ಸ್ಯಾಂಟಾ ಕ್ರೂಜ್ ಮಗಳಿಗೆ ತುಂಬಾ ಹಿಡಿಸಿತು. ಊರು ದಕ್ಷಿಣಕ್ಕೆ ಮುಖ ಮಾಡಿರುವುದರಿಂದ ಬಿಸಿಲು ಬೇಗ ಬರುತ್ತದೆ. ವಿಶ್ವವಿದ್ಯಾಲಯ ಇದೆ, 1907ರಿಂದ ಇರುವ ಕಡಲಂಚಿನ ಮನರಂಜನಾ ಪಾರ್ಕ್ ಬೋರ್ಡ್‌ವಾಕ್ ಇದೆ, ಪುಸ್ತಕದ ಅಂಗಡಿ, ಸಂಗೀತ, ಎಲ್ಲವೂ ಇದೆ. ಆದರೆ ಬಾಡಿಗೆ ಕೇಳಿದರೆ ಎದೆ ಧಸಕ್ ಎನ್ನುತ್ತದೆ. 2023ರ ರಾಷ್ಟ್ರೀಯ ವರದಿಯೊಂದು ಬಾಡಿಗೆಯಲ್ಲಿ ಇಡೀ ಅಮೆರಿಕದಲ್ಲೇ ಅತಿ ದುಬಾರಿ ಪ್ರದೇಶ ಎಂದು ಗುರುತಿಸಿದ್ದು ಸ್ಯಾಂಟಾ ಕ್ರೂಜ್ ಮತ್ತು ವಾಟ್ಸನ್‌ವಿಲ್ ಭಾಗವನ್ನೇ. ಇನ್ನು ಹೈವೇ 17. ಸ್ಯಾನ್ ಹೋಸೆ ಕಡೆಗೆ ಬೆಟ್ಟ ದಾಟುವ ಮುಖ್ಯ ರಸ್ತೆ ಅದೊಂದೇ. ತಿರುವುಗಳು ಬಿಗಿ, ಬದಿಯಲ್ಲಿ ಜಾಗ ಕಡಿಮೆ. ಒಂದು ಅಪಘಾತವಾದರೆ ಹಿಂದೆ ಎಲ್ಲವೂ ನಿಂತುಬಿಡುತ್ತದೆ. ದಿನಾ ಕಾರು ಓಡಿಸಲಾಗದವರಿಗೆ ಸ್ಯಾನ್ ಹೋಸೆಗೆ ಹೈವೇ 17 ಎಕ್ಸ್‌ಪ್ರೆಸ್ ಬಸ್ ಇದೆ. ಇಲ್ಲಿ ಮನೆ ನೋಡುವವರು ಆ ಬಸ್ಸಿನಲ್ಲಿ ಒಂದು ಸಲ ಹೋಗಿ ಬನ್ನಿ. ದಿನಾ ಓಡಾಡುವವರು ಪಕ್ಕದಲ್ಲೇ ಕೂತಿರುತ್ತಾರೆ, ಕೇಳಿದರೆ ಏನೂ ಮುಚ್ಚಿಡದೆ ಹೇಳುತ್ತಾರೆ.

ಮಲ್ಪೆ, ಮುರುಡೇಶ್ವರದಲ್ಲಿ ನೀರಿಗಿಳಿದ ನೆನಪಿಟ್ಟುಕೊಂಡು ಬರುವವರಿಗೆ ಒಂದು ಮಾತು. ಇಲ್ಲಿನ ಕಡಲು ತಣ್ಣಗೆ ಕೊರೆಯುತ್ತದೆ. ಮಾಂಟೆರೇ ಕೊಲ್ಲಿಯಲ್ಲಿ ಬೇಸಿಗೆಯಲ್ಲೂ ನೀರು ಸುಮಾರು 13ರಿಂದ 15 ಡಿಗ್ರಿ ಸೆಲ್ಸಿಯಸ್. ಮಕ್ಕಳು ಆಡಲು ಮೈ ಬೆಚ್ಚಗಿಡುವ ವೆಟ್‌ಸೂಟ್ ಬೇಕೇ ಬೇಕು. ಸ್ಯಾನ್ ಡಿಯೇಗೋದಲ್ಲಿ ಆಗಸ್ಟ್ ಹೊತ್ತಿಗೆ 20ರ ಆಸುಪಾಸಿಗೆ ಬರುತ್ತದೆ. ನೀರಾಟಕ್ಕಾಗಿಯೇ ಕಡಲು ಬೇಕು ಎನ್ನುವವರು ಉತ್ತರದ ಊರುಗಳನ್ನು ಪಟ್ಟಿಯಿಂದ ತೆಗೆದುಬಿಡಬಹುದು.

ಮಾಂಟೆರೇ, ಪೆಸಿಫಿಕ್ ಗ್ರೋವ್, ಕಾರ್ಮೆಲ್ ನೋಡಲು ಕಣ್ಣು ಸಾಲದು. ಇಲ್ಲಿನ ತೊಡಕು ನೀರು. ಕಾರ್ಮೆಲ್ ನದಿಯಿಂದ ಮಿತಿ ಮೀರಿ ನೀರು ಎತ್ತುವುದನ್ನು ನಿಲ್ಲಿಸಬೇಕೆಂದು 2009ರಲ್ಲಿ ರಾಜ್ಯದ ಜಲ ಮಂಡಳಿ ಆದೇಶ ಹೊರಡಿಸಿತು. ಆಮೇಲೆ ಹೊಸ ನೀರಿನ ಮೀಟರಿಗೆ ತಡೆ ಬಿತ್ತು. ಮನೆಗೆ ಇನ್ನೊಂದು ಬಾತ್‌ರೂಮ್ ಸೇರಿಸುವುದಕ್ಕೂ ನೀರಿನ ಅನುಮತಿ ಬೇಕು. ಹಳೇ ಮನೆ ಕೊಂಡು ಅಪ್ಪ ಅಮ್ಮನಿಗೊಂದು ಕೋಣೆ, ಬಾತ್‌ರೂಮ್ ಕಟ್ಟಿಸೋಣ ಎಂಬ ಲೆಕ್ಕ ನಮ್ಮವರಲ್ಲಿ ಬಹಳ ಜನರಿಗೆ ಇರುತ್ತದೆ. ಇಲ್ಲಿ ಆ ಲೆಕ್ಕ ಹಾಕುವ ಮೊದಲು ನೀರಿನ ಕಚೇರಿಗೆ ಹೋಗಿ ವಿಚಾರಿಸಿ. ಕೊಲ್ಲಿಯ ಉದ್ದಕ್ಕೂ ಸ್ವಲ್ಪ ಮೇಲೆ ಮರೀನಾ ಇದೆ. 1994ರಲ್ಲಿ ಮುಚ್ಚಿದ ಫೋರ್ಟ್ ಆರ್ಡ್ ಸೇನಾ ನೆಲೆಯ ಜಾಗದಲ್ಲಿ ಹೊಸ ಮನೆಗಳು ಎದ್ದಿವೆ, ಪಕ್ಕದಲ್ಲೇ ಸರ್ಕಾರಿ ವಿಶ್ವವಿದ್ಯಾಲಯ. ನೀರಿನ ವ್ಯವಸ್ಥೆಯೂ ಬೇರೆ. ಗಾಳಿ ಮಾತ್ರ ಜೋರು. ಈ ಭಾಗದಲ್ಲಿ ಬೆಲೆ, ಜಾಗ, ಅನುಕೂಲ ಮೂರನ್ನೂ ತೂಗಿದರೆ ನನಗೆ ಮರೀನಾನೇ ಮೇಲು ಅನ್ನಿಸಿತು.

ಕಾರ್ಮೆಲ್ ದಕ್ಷಿಣಕ್ಕೆ ಬಿಗ್ ಸರ್ ಬೆಟ್ಟಗಳ ಅಂಚಿನಲ್ಲಿ ಹೋಗುವ ಹೈವೇ 1ನ್ನು ನಂಬಿ ದಿನಚರಿ ಹಾಕಿಕೊಳ್ಳಬೇಡಿ. 2017ರ ಮಡ್ ಕ್ರೀಕ್ ಕುಸಿತದ ನಂತರ ಆ ರಸ್ತೆ ಪೂರ್ತಿ ತೆರೆದದ್ದು 2018ರ ಜುಲೈನಲ್ಲಿ. ಆಮೇಲೂ ಬೇರೆಬೇರೆ ಕಡೆ ಕುಸಿದಿದೆ. ಹೊರಡುವ ದಿನ ಬೆಳಿಗ್ಗೆ ರಾಜ್ಯದ ರಸ್ತೆ ಇಲಾಖೆ ಕ್ಯಾಲ್‌ಟ್ರಾನ್ಸ್ ನಕ್ಷೆ ನೋಡಿಕೊಳ್ಳಿ. ನಾವು ಸಲೀನಾಸ್ ಮೇಲೆ ಹೈವೇ 101 ಹಿಡಿದು ಮೊರೋ ಬೇಗೆ ಇಳಿದೆವು. ಮೊರೋ ಬೇ ಮತ್ತು ಸ್ಯಾನ್ ಲೂಯಿಸ್ ಒಬಿಸ್ಪೋ ನಿವೃತ್ತರಿಗೆ, ಮನೆಯಿಂದಲೇ ಕೆಲಸ ಮಾಡುವವರಿಗೆ ಚೆನ್ನ. ಸ್ಯಾನ್ ಫ್ರಾನ್ಸಿಸ್ಕೋ, ಲಾಸ್ ಏಂಜಲೀಸ್ ಎರಡೂ ದೊಡ್ಡ ನಗರಗಳ ಮಧ್ಯೆ ಇರುವುದರಿಂದ ವಿಮಾನ, ದೊಡ್ಡ ಆಸ್ಪತ್ರೆ, ಸೋನಾ ಮಸೂರಿ ಅಕ್ಕಿ, ಎಲ್ಲಕ್ಕೂ ಯೋಚನೆ ಮಾಡಿ ಹೊರಡಬೇಕು.

ಸ್ಯಾಂಟಾ ಬಾರ್ಬರಾ 1925ರ ಭೂಕಂಪದ ನಂತರ ಒಂದೇ ಶೈಲಿಯಲ್ಲಿ ಎದ್ದು ನಿಂತ ಊರು. ಬಿಳಿ ಗೋಡೆ, ಕೆಂಪು ಹೆಂಚು. ಹೆಂಚಿನ ಮನೆಗಳನ್ನು ನೋಡಿ ಅತ್ತೆ ಮೊದಲ ಸಲ "ಇಲ್ಲಿ ಇರಬಹುದು" ಎಂದರು. ಪಕ್ಕದ ಗೊಲೀಟಾದಲ್ಲಿ ವಿಶ್ವವಿದ್ಯಾಲಯ ಮತ್ತು ಟೆಕ್ ಕಂಪನಿಗಳಿವೆ, ಕೆಲಸ ಅಲ್ಲೇ ಸಿಕ್ಕರೆ ಇನ್ನೇನೂ ಬೇಡ. ಆದರೆ ದಾರಿಯ ಪ್ರಶ್ನೆ ಇಲ್ಲೂ ಬಿಡುವುದಿಲ್ಲ. 2017ರ ಡಿಸೆಂಬರ್‌ನಲ್ಲಿ ಥಾಮಸ್ ಬೆಂಕಿ ಬೆಟ್ಟ ಸುಟ್ಟಿತು. 2018ರ ಜನವರಿ 9ರಂದು ಮಳೆ ಬಂದು ಆ ಬರಿದಾದ ಬೆಟ್ಟದ ಕೆಸರು, ಬಂಡೆ ಮಾಂಟೆಸಿಟೋ ಮೇಲೆ ಇಳಿಯಿತು. 23 ಜನ ಸತ್ತರು. 101 ಸುಮಾರು ಎರಡು ವಾರ ಮುಚ್ಚಿತ್ತು. ಅಲ್ಲಿ ಮನೆ ನೋಡುವಾಗ ಹಳ್ಳ ಎಲ್ಲಿ ಹರಿಯುತ್ತದೆ ಎಂದು ನಕ್ಷೆಯಲ್ಲಿ ಹುಡುಕಿ, ಕಾಲ್ನಡಿಗೆಯಲ್ಲಿ ಹೋಗಿ ನೋಡಿ. ಬೇಸಿಗೆಯಲ್ಲಿ ಒಣ ಕಲ್ಲಿನ ಕಾಲುವೆಯಂತೆ ಕಾಣುವುದೇ ಅದು.

ಲಾಸ್ ಏಂಜಲೀಸ್ ಸುತ್ತ ನಾವು ಹೆಚ್ಚು ನಿಲ್ಲಲಿಲ್ಲ. ಕ್ಯಾಲಬಾಸಸ್‌ನಲ್ಲಿರುವ ಮಾಲಿಬು ದೇವಸ್ಥಾನದಲ್ಲಿ ವೆಂಕಟೇಶ್ವರನ ದರ್ಶನ ಮಾಡಿ, ಆರ್ಟೀಷಿಯಾದ ಪಯೋನಿಯರ್ ಬುಲೆವಾರ್ಡ್‌ನಲ್ಲಿ ದಿನಸಿ ತುಂಬಿಕೊಂಡು ಮುಂದೆ ಹೋದೆವು. ರಾಂಚೋ ಪಾಲೋಸ್ ವರ್ಡೆಸ್ ಹೆಸರು ನಿಮ್ಮ ಪಟ್ಟಿಯಲ್ಲಿದ್ದರೆ ಪೋರ್ಚುಗೀಸ್ ಬೆಂಡ್ ಭಾಗದ ಸುದ್ದಿ ಓದಿಕೊಳ್ಳಿ. ನೆಲವೇ ಜಾರುತ್ತಿರುವುದರಿಂದ 2024ರಲ್ಲಿ ಅಲ್ಲಿನ ಎಷ್ಟೋ ಮನೆಗಳಿಗೆ ಕರೆಂಟ್ ನಿಲ್ಲಿಸಿದರು.

ಸ್ಯಾನ್ ಡಿಯೇಗೋ ಜಿಲ್ಲೆಯಲ್ಲಿ ನಮಗೆ ಲೆಕ್ಕ ಕೂಡಿಬಂತು. ಕಾರ್ಲ್ಸ್‌ಬಾಡ್, ಎನ್ಸಿನೀಟಾಸ್ ಕಡೆ ಬೆಟ್ಟ ದೂರ, ನೆಲ ಅಗಲ. ಇಂಟರ್‌ಸ್ಟೇಟ್ 5 ಇದೆ, ಒಳಗಿಂದ ಬೇರೆ ರಸ್ತೆಗಳಿವೆ, ಓಷನ್‌ಸೈಡ್‌ನಿಂದ ಸ್ಯಾನ್ ಡಿಯೇಗೋ ಪೇಟೆಗೆ ಕೋಸ್ಟರ್ ರೈಲು ಓಡುತ್ತದೆ. 2015ರಲ್ಲಿ ಶುರುವಾದ ಕಾರ್ಲ್ಸ್‌ಬಾಡ್ ಘಟಕ ಕಡಲ ನೀರನ್ನೇ ಸಿಹಿಯಾಗಿಸಿ ಜಿಲ್ಲೆಗೆ ಕೊಡುತ್ತದೆ. ಭಾರತೀಯ ಅಂಗಡಿಗಳು ಮಿರಾ ಮೆಸಾ, ಮಿರಮಾರ್ ಕಡೆ. ನಮ್ಮವರು ಜಾಸ್ತಿ ಇರುವುದು ಕಡಲಿನಿಂದ ಸ್ವಲ್ಪ ಒಳಗೆ, ಕಾರ್ಮೆಲ್ ವ್ಯಾಲಿ, ಪೆನಾಸ್ಕಿಟೋಸ್, ಪೋವೇ ಸುತ್ತಮುತ್ತ. ಕರೆಂಟ್ ದರ ಮಾತ್ರ ದೇಶದಲ್ಲೇ ಅತಿ ದುಬಾರಿಯಾದವುಗಳಲ್ಲಿ ಒಂದು. ಕ್ಯಾಂಪ್ ಪೆಂಡಲ್‌ಟನ್ ಸೇನಾ ನೆಲೆಯಿಂದ ಆಗಾಗ ಫಿರಂಗಿ ಸದ್ದು ಬರುತ್ತದೆ, ಕಿಟಕಿ ಗಾಜು ಗಡಗಡ ಎನ್ನುತ್ತದೆ. ಒಂದು ವಿಷಯ ಮರೆಯಬೇಡಿ: ವಿಳಾಸ ಕಾರ್ಲ್ಸ್‌ಬಾಡ್ ಎಂದಿದ್ದರೂ ಬೀದಿ ಬದಲಾದರೆ ಶಾಲಾ ಜಿಲ್ಲೆ ಬದಲಾಗುತ್ತದೆ. ಪೂರ್ವಕ್ಕೆ ಹೋದರೆ ಸ್ಯಾನ್ ಮಾರ್ಕೋಸ್, ದಕ್ಷಿಣಕ್ಕೆ ಹೋದರೆ ಎನ್ಸಿನೀಟಾಸ್. ಮನೆ ನಂಬರ್ ಕೊಟ್ಟು ಶಾಲಾ ಜಿಲ್ಲೆಯ ಕಚೇರಿಯಲ್ಲೇ ಕೇಳಿ, ಮನೆ ತೋರಿಸುವವರ ಮಾತು ಸಾಕಾಗುವುದಿಲ್ಲ. ದಿಬ್ಬದ ಕೆಳಗೆ ಮರಳಿನಲ್ಲಿ ಕೂರುವಾಗ ಗೋಡೆಯಿಂದ ದೂರ ಕೂರಿ. 2019ರಲ್ಲಿ ಎನ್ಸಿನೀಟಾಸ್‌ನಲ್ಲಿ ದಿಬ್ಬ ಕುಸಿದು ಮೂವರು ಸತ್ತಿದ್ದಾರೆ. ಇನ್ನೂ ದಕ್ಷಿಣಕ್ಕೆ, ಇಂಪೀರಿಯಲ್ ಬೀಚ್‌ನಲ್ಲಿ ಬೆಲೆ ಕಡಿಮೆ ಎಂದು ಮನಸ್ಸು ಮಾಡುವ ಮೊದಲು ಟಿಹುವಾನಾ ನದಿಯಿಂದ ಬರುವ ಕೊಳಚೆಯ ಸಂಗತಿ ತಿಳಿದುಕೊಳ್ಳಿ. ಅಲ್ಲಿನ ಬೀಚ್ ವರ್ಷಗಟ್ಟಲೆ ಮುಚ್ಚಿದ್ದುಂಟು.

ಇನ್ನು ದುಡ್ಡಿನ ಮಾತು. 1978ರ ಪ್ರೊಪೊಸಿಷನ್ 13 ಎಂಬ ರಾಜ್ಯದ ತೆರಿಗೆ ಕಾನೂನಿನ ಪ್ರಕಾರ ಮನೆ ತೆರಿಗೆ ನೀವು ಕೊಂಡ ಬೆಲೆಯ ಶೇ. 1, ಜೊತೆಗೆ ಸ್ಥಳೀಯ ಕರಗಳು. ತೆರಿಗೆಗೆ ಹಿಡಿಯುವ ಬೆಲೆ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವಂತಿಲ್ಲ. ಅಂದರೆ ನಲವತ್ತು ವರ್ಷದಿಂದ ಇರುವ ಪಕ್ಕದ ಮನೆಯವರು ಕಟ್ಟುವ ತೆರಿಗೆ ನೋಡಿ ನಿಮ್ಮ ಲೆಕ್ಕ ಹಾಕಬಾರದು. ಹೊಸ ಬಡಾವಣೆಗಳಲ್ಲಿ ಮೆಲ್ಲೋ ರೂಸ್ ಎಂಬ ಹೆಚ್ಚುವರಿ ಕರವೂ ಇರಬಹುದು, ಕೇಳಿ. ಬೆಂಕಿಯ ಭಯ ಇರುವ ಕಡೆ ಮನೆ ವಿಮೆ ಸಿಗುವುದೇ ಕಷ್ಟ. ಮುಂಗಡ ಕೊಡುವ ಮೊದಲೇ ಅದೇ ವಿಳಾಸಕ್ಕೆ ವಿಮೆಯ ದರ ಬರೆಸಿಕೊಳ್ಳಿ. ಭೂಕಂಪ, ಪ್ರವಾಹ ಎರಡೂ ಸಾಮಾನ್ಯ ವಿಮೆಯಲ್ಲಿ ಸೇರುವುದಿಲ್ಲ, ಬೇರೆ ತೆಗೆದುಕೊಳ್ಳಬೇಕು. ಸುನಾಮಿ ನಕ್ಷೆಯಲ್ಲಿ ಮನೆ ಯಾವ ಕಡೆ ಬೀಳುತ್ತದೆ ಎಂದೂ ನೋಡಿ. 2024ರ ಡಿಸೆಂಬರ್‌ನಲ್ಲಿ ಎಚ್ಚರಿಕೆ ಬಂದಾಗ ಎಷ್ಟೋ ಜನರಿಗೆ ಯಾವ ದಿಕ್ಕಿಗೆ ಹೋಗಬೇಕೆಂದೇ ತಿಳಿದಿರಲಿಲ್ಲ.

ಅಡುಗೆಮನೆಗೆ ಸೇರಿದ್ದೊಂದು. ಹಿತ್ತಲಲ್ಲಿ ಬೆಳೆಸಿದ ಕರಿಬೇವಿನ ಗಿಡವನ್ನು ಕಾರಿನಲ್ಲಿಟ್ಟು ಹೊಸ ಊರಿಗೆ ಒಯ್ಯಬೇಡಿ. ನಿಂಬೆ, ಕಿತ್ತಳೆ ಗಿಡಗಳಿಗೆ ರೋಗ ಹರಡುವ ಕೀಟ ಕರಿಬೇವಿನ ಮೇಲೂ ಕೂರುವುದರಿಂದ ಕ್ಯಾಲಿಫೋರ್ನಿಯಾದಲ್ಲಿ ಈ ಗಿಡಗಳ ಸಾಗಾಟಕ್ಕೆ ನಿರ್ಬಂಧ ಇದೆ. ಹೋದ ಊರಿನಲ್ಲೇ ಪರವಾನಗಿ ಇರುವ ನರ್ಸರಿಯಲ್ಲಿ ಕೊಳ್ಳಿ.

ನಾವು ಕಾರ್ಲ್ಸ್‌ಬಾಡ್‌ನಲ್ಲಿ ಕಡಲಿನಿಂದ ಎರಡು ಮೈಲಿ ಒಳಗೆ ಒಂದು ವರ್ಷಕ್ಕೆ ಬಾಡಿಗೆ ಮನೆ ಹಿಡಿದಿದ್ದೇವೆ. ಮೆಟ್ಟಿಲಿಲ್ಲದ ಮನೆ, ಮಂಜು ಹತ್ತು ಗಂಟೆಗೆ ಕರಗುತ್ತದೆ, ಅತ್ತೆ ಪಾರ್ಕಿನವರೆಗೆ ನಡೆದು ಬರುತ್ತಾರೆ. ಕೊಳ್ಳುವ ವಿಚಾರ ಒಂದು ಮಳೆಗಾಲ, ಒಂದು ಜೂನ್ ಕಳೆದ ಮೇಲೆ. ನೀವೂ ಬಾಡಿಗೆ ಕರಾರು ಮಾಡಿಕೊಳ್ಳುವಾಗ ಆಗಸ್ಟ್‌ನಿಂದ ಆಗಸ್ಟ್‌ಗೆ ಮಾಡಿಸಿಕೊಳ್ಳಿ. ಶಾಲೆ ಶುರುವಾಗುವ ಹೊತ್ತಿಗೆ ವಿಳಾಸದ ದಾಖಲೆ ಕೈಯಲ್ಲಿರುತ್ತದೆ, ಎರಡೂ ಕಾಲವನ್ನು ಆ ಮನೆಯಲ್ಲೇ ನೋಡಿದ ಹಾಗೂ ಆಗುತ್ತದೆ.