ನ್ಯೂರೆಂಬರ್ಗ್‌ನ ಕ್ರಿಸ್‌ಮಸ್ ಸಂತೆ: ಲೇಬ್‌ಕೂಖನ್ ಕೊಳ್ಳುವ ಮುಂಚೆ

ಮಗಳು ಮ್ಯೂನಿಕ್‌ನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಎರಡು ಸಲ ಡಿಸೆಂಬರ್‌ನಲ್ಲಿ ಅವಳ ಮನೆಗೆ ಹೋಗಿದ್ದೇವೆ. ಎರಡು ಸಲವೂ ನ್ಯೂರೆಂಬರ್ಗ್‌ನ ಕ್ರಿಸ್‌ಮಸ್ ಸಂತೆಗೆ ಹೋದೆವು. ಮೊದಲ ಸಲ ಹೋದದ್ದು ಶನಿವಾರ ಸಂಜೆ. ಆ ನೂಕುನುಗ್ಗಲಲ್ಲಿ ಒಂದು ಅಂಗಡಿಯ ಮುಂದೂ ನೆಟ್ಟಗೆ ನಿಲ್ಲಲಾಗಲಿಲ್ಲ. ಎರಡನೇ ಸಲ ಮಂಗಳವಾರ ಹೋದೆವು, ಸಂತೆ ಕಂಡದ್ದು ಆಗಲೇ. ಹಾಗಾಗಿ ಹೋಗುವವರಿಗೆ ಮೊದಲ ಮಾತು: ವಾರದ ನಡುವೆ ಹೋಗಿ, ಮಧ್ಯಾಹ್ನ 12ಕ್ಕೆ ಮುಂಚೆ ತಲುಪಿ, ಕತ್ತಲಾಗುವ ತನಕ ಅಲ್ಲೇ ಇರಿ.

ಮ್ಯೂನಿಕ್‌ನಿಂದ ಐಸಿಇ ಎಂಬ ವೇಗದ ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ ಹಾದಿ. ಮೂರು ನಾಲ್ಕು ಜನ ಇದ್ದರೆ ಬಯರ್ನ್ ಟಿಕೆಟ್ (ಬವೇರಿಯಾ ರಾಜ್ಯದೊಳಗೆ ಓಡಾಡುವ ಒಂದು ದಿನದ ಟಿಕೆಟ್) ಅಗ್ಗ. ಆದರೆ ಅದು ಐಸಿಇಗೆ ನಡೆಯುವುದಿಲ್ಲ, ವಾರದ ದಿನಗಳಲ್ಲಿ ಬೆಳಿಗ್ಗೆ 9ರ ನಂತರವೇ ಉಪಯೋಗ. ಸ್ಟೇಷನ್ನಿನಿಂದ ಕ್ಯೋನಿಗ್‌ಷ್ಟ್ರಾಸೆ ಹಿಡಿದು ಹದಿನೈದು ನಿಮಿಷ ನಡೆದರೆ ಹೌಪ್ಟ್‌ಮಾರ್ಕ್ಟ್ ಚೌಕ. ಅಲ್ಲಿನ ಫ್ರೌಎನ್‌ಕಿರ್ಖೆ ಚರ್ಚಿನ ಗಡಿಯಾರದಲ್ಲಿ ದಿನಾ ಮಧ್ಯಾಹ್ನ 12ಕ್ಕೆ ಬೊಂಬೆಗಳು ಹೊರಬಂದು ಚಕ್ರವರ್ತಿ ನಾಲ್ಕನೇ ಕಾರ್ಲನ ಸುತ್ತ ಬರುತ್ತವೆ. ಅದನ್ನು ತಪ್ಪಿಸಬೇಡಿ. ಸಂತೆ ಶುರುವಾಗುವುದು ಅಡ್ವೆಂಟ್‌ನ (ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಕಾಲ) ಮೊದಲ ಭಾನುವಾರದ ಹಿಂದಿನ ಶುಕ್ರವಾರ, ಮುಗಿಯುವುದು ಡಿಸೆಂಬರ್ 24ಕ್ಕೆ. 25ಕ್ಕೆ ಹೋದರೆ ಏನೂ ಸಿಗದು.

ಇನ್ನು ಲೇಬ್‌ಕೂಖನ್, ಜೇನು ಮಸಾಲೆಯ ಇಲ್ಲಿನ ಸಿಹಿತಿಂಡಿ. ಇಂಗ್ಲಿಷ್‌ನಲ್ಲಿ ಜಿಂಜರ್‌ಬ್ರೆಡ್ ಅನ್ನುತ್ತಾರೆ, ಆದರೆ ಇದರಲ್ಲಿ ಶುಂಠಿಯದು ಮುಖ್ಯ ಪಾತ್ರ ಅಲ್ಲ. ಚಕ್ಕೆ, ಲವಂಗ, ಏಲಕ್ಕಿ, ಕೊತ್ತಂಬರಿ ಬೀಜ, ಜಾಯಿಕಾಯಿ ಸೇರಿದ ಘಮ. ಬಾಯಿಗೆ ಇಟ್ಟ ಕೂಡಲೇ ನನಗೆ ನಮ್ಮ ಶಿರಸಿ ಕಡೆಯ ಅಡಿಕೆ ತೋಟದ ನೆನಪಾಯಿತು, ಏಲಕ್ಕಿ ಒಣಹಾಕಿದ ಅಟ್ಟದ ನೆನಪಾಯಿತು. ಇದು ಬರೀ ನೆನಪಿನ ಮಾತಲ್ಲ. ನ್ಯೂರೆಂಬರ್ಗ್‌ನ ವ್ಯಾಪಾರಿಗಳು ವೆನಿಸ್ ಮೂಲಕ ತರಿಸುತ್ತಿದ್ದ ಮಸಾಲೆಯಲ್ಲಿ ನಮ್ಮ ಪಶ್ಚಿಮ ಕರಾವಳಿಯದೂ ಇತ್ತು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದದ್ದು ಅದೇ ವ್ಯಾಪಾರದ ಕಾಲದಲ್ಲಿ. ಇತ್ತ ನ್ಯೂರೆಂಬರ್ಗ್‌ನ ಸುತ್ತಲ ಕಾಡಿನಲ್ಲಿ ಜೇನು ಹೇರಳವಾಗಿತ್ತು. ಜೇನೂ ಮಸಾಲೆಯೂ ಒಂದೇ ಕಡೆ ಸಿಕ್ಕಿದ್ದರಿಂದ ಈ ತಿಂಡಿ ಇಲ್ಲಿ ಬೇರೂರಿತು. 1643ರಲ್ಲಿ ಇದನ್ನು ಮಾಡುವವರದೇ ಒಂದು ವೃತ್ತಿಸಂಘ ಆಯಿತು. 1996ರಿಂದ ನ್ಯೂರೆಂಬರ್ಗ್ ಲೇಬ್‌ಕೂಖನ್ ಎಂಬ ಹೆಸರಿಗೆ ಯುರೋಪಿನಲ್ಲಿ ಕಾನೂನಿನ ರಕ್ಷಣೆ ಇದೆ, ನಮ್ಮ ಮೈಸೂರು ವೀಳ್ಯದೆಲೆಗೆ ಜಿಐ (ಭೌಗೋಳಿಕ ಗುರುತು) ಇದ್ದ ಹಾಗೆ.

ಕೊಳ್ಳುವಾಗ ಡಬ್ಬಿಯ ಮೇಲೆ 'ಎಲೀಸನ್' ಎಂಬ ಪದ ಹುಡುಕಿ. ಆ ಹೆಸರು ಹಾಕಬೇಕಾದರೆ ಬಾದಾಮಿ, ಹೇಝಲ್‌ನಟ್, ಅಕ್ರೋಟು ಇವುಗಳಲ್ಲಿ ಒಂದೋ ಹೆಚ್ಚೋ ಸೇರಿ ಒಟ್ಟು ಕನಿಷ್ಠ ಶೇ. 25 ಇರಬೇಕು, ಹಿಟ್ಟು ಶೇ. 10 ಮೀರಬಾರದು. ಉಳಿದವು ಅಗ್ಗ, ಆದರೆ ಹಿಟ್ಟೇ ಜಾಸ್ತಿ. ನನ್ನ ಮಟ್ಟಿಗೆ ಹತ್ತು ಅಗ್ಗದ್ದು ತರುವ ಬದಲು ಮೂರು ಎಲೀಸನ್ ತರುವುದು ಮೇಲು. ತಿರುಗಿಸಿ ನೋಡಿದರೆ ಅಡಿಯಲ್ಲಿ ಹಪ್ಪಳಕ್ಕಿಂತ ತೆಳುವಾದ ಬಿಳಿ ಬಿಲ್ಲೆ ಅಂಟಿರುತ್ತದೆ. ಅದು ಕಾಗದ ಅಲ್ಲ, ಕಿತ್ತು ಎಸೆಯಬೇಡಿ. ಅಂಟಂಟಾದ ಹಿಟ್ಟು ತಟ್ಟೆಗೆ ಹಿಡಿಯದಿರಲಿ ಎಂದು ಇಡುವ ಓಬ್ಲಾಟೆ, ಅದನ್ನೂ ತಿನ್ನಬಹುದು. ಮುರಿದರೆ ಒಳಗೆ ಕಂದುಬಣ್ಣ, ಬಾದಾಮಿಯ ಚೂರು, ಜೊತೆಗೆ ಕಿತ್ತಳೆ ಸಿಪ್ಪೆಯ ಮಿಠಾಯಿ. ಮೇಲ್ಭಾಗ ಚಾಕೊಲೇಟ್, ಸಕ್ಕರೆ, ಇಲ್ಲವೇ ಬರಿಯದು. ಊರಿಗೆ ತರುವುದಾದರೆ ಬರಿಯದೇ ಸರಿ, ನಮ್ಮ ಸೆಕೆಗೆ ಚಾಕೊಲೇಟ್ ಕರಗುತ್ತದೆ.

ಮೊಟ್ಟೆ ತಿನ್ನದವರು ಗಮನಿಸಿ. ಎಲೀಸನ್‌ಗೆ ಸಾಮಾನ್ಯವಾಗಿ ಮೊಟ್ಟೆ ಹಾಕುತ್ತಾರೆ. ನಮ್ಮ ಮನೆಯವರು ಮುಟ್ಟುವುದಿಲ್ಲ. ಮಗಳು ಪ್ರತಿ ಅಂಗಡಿಯಲ್ಲೂ 'ಓನೆ ಐ?' (ಮೊಟ್ಟೆ ಇಲ್ಲದ್ದು ಇದೆಯೇ?) ಎಂದು ಕೇಳುತ್ತಾ ಹೋದಳು, ಕೊನೆಗೆ ವೀಗನ್ ಎಂದು ಬರೆದ ಒಂದು ಪೊಟ್ಟಣ ಸಿಕ್ಕಿತು. ಕೇಳಲು ಸಂಕೋಚ ಬೇಡ. ಕೆಂಪು ರಿಬ್ಬನ್ ಕಟ್ಟಿ ತೂಗುಹಾಕಿದ ಹೃದಯಾಕಾರದ ಲೇಬ್‌ಕೂಖನ್ ನೋಡಿ ಮೊಮ್ಮಕ್ಕಳಿಗೆ ಎಂದು ಮನಸ್ಸಾಗುತ್ತದೆ. ಅದು ಗಟ್ಟಿ, ಗೋಡೆಗೆ ತೂಗುಹಾಕಲು ಚೆಂದ. ತಿನ್ನುವುದಕ್ಕೆ ಬೇರೆಯದನ್ನು ಕೊಳ್ಳಿ.

ಅಲಂಕಾರದ ವಸ್ತುಗಳಲ್ಲಿ ಎರಡನ್ನು ಹತ್ತಿರ ನಿಂತು ನೋಡಿ. ಒಂದು ಟ್ಸ್ವೆಟ್ಷ್‌ಗನ್‌ಮೆನ್ಲೆ, ಒಣಗಿದ ಪ್ಲಮ್ ಹಣ್ಣುಗಳನ್ನು ತಂತಿಗೆ ಪೋಣಿಸಿ ಕೈಕಾಲು ಮಾಡಿ, ಅಕ್ರೋಟಿನ ತಲೆಗೆ ಕಣ್ಣು ಬಾಯಿ ಬರೆದು, ಬಟ್ಟೆ ತೊಡಿಸಿದ ಪುಟ್ಟ ಬೊಂಬೆ. ಹಣ್ಣಿನ ಸುಕ್ಕೇ ಕೈಯ ಸುಕ್ಕಿನಂತೆ ಕಾಣುತ್ತದೆ, ನಮ್ಮ ದಸರಾ ಗೊಂಬೆ ಕೂರಿಸುವವರಿಗೆ ಅದರ ಕೆಲಸದ ಬೆಲೆ ತಿಳಿದೀತು. ಇನ್ನೊಂದು ರೌಷ್‌ಗೋಲ್ಡ್ ದೇವದೂತೆ, ಮಡಿಕೆ ಮಡಿಕೆಯ ಚಿನ್ನದ ಬಣ್ಣದ ತಗಡಿನ ಲಂಗ, ತಲೆಗೆ ಕಿರೀಟ. ಮುಟ್ಟಿದರೆ ತಗಡು ಸರಸರ ಅನ್ನುತ್ತದೆ, ಹೆಸರಿನಲ್ಲಿರುವುದೂ ಆ ಸದ್ದೇ. ಅಂಗಡಿಗಳಿಗೆ ಕೆಂಪು ಬಿಳಿ ಪಟ್ಟೆಯ ಬಟ್ಟೆಯ ಮಾಡು, ಫರ್ ಮರದ ಹಸಿರು ಕೊಂಬೆ. ಪ್ಲಾಸ್ಟಿಕ್ ತೋರಣ ಕಾಣದ ಕಾರಣಕ್ಕೇ ಈ ಸಂತೆ ನನಗೆ ಉಳಿದವುಗಳಿಗಿಂತ ಇಷ್ಟ. ನಾಲ್ಕೂಕಾಲರ ಹೊತ್ತಿಗೆ ಸೂರ್ಯ ಮುಳುಗಿ ದೀಪ ಹೊತ್ತಿಕೊಳ್ಳುತ್ತವೆ, ಆ ಅರ್ಧ ಗಂಟೆಗಾಗಿಯೇ ಮಧ್ಯಾಹ್ನದಿಂದ ಕಾಯಬಹುದು.

ಸಸ್ಯಾಹಾರಿಗಳಿಗೆ ಹುರಿದ ಚೆಸ್ಟ್‌ನಟ್ ಇದೆ, ಸಕ್ಕರೆ ಹೊದಿಸಿದ ಬಿಸಿ ಬಾದಾಮಿ ಇದೆ, ಮದ್ಯ ಬೇಡದವರಿಗೆ ಕಿಂಡರ್‌ಪುನ್ಷ್ ಎಂಬ ಬಿಸಿ ಪಾನೀಯ ಇದೆ. ಪಾನೀಯದ ಲೋಟಕ್ಕೆ ಠೇವಣಿ ಹಿಡಿಯುತ್ತಾರೆ, ಲೋಟ ವಾಪಸ್ ಕೊಟ್ಟರೆ ದುಡ್ಡು ಮರಳುತ್ತದೆ. ಕೈಯಲ್ಲಿ ಚಿಲ್ಲರೆ ಯೂರೋ ಇರಲಿ. ನಿಂತು ನೋಡುವ ಜಾಗ ಇದು, ಚಳಿ ಏರುವುದು ಕಾಲಿನಿಂದ. ಒಳ್ಳೆ ಉಣ್ಣೆಯ ಕಾಲುಚೀಲ, ದಪ್ಪ ಅಟ್ಟೆಯ ಬೂಟು ಬೇಕೇ ಬೇಕು.

ನಾನು ತಂದ ಗಾಜಿನ ಗುಂಡುಗಳಲ್ಲಿ ಎರಡು ಸೂಟ್‌ಕೇಸಿನಲ್ಲೇ ಒಡೆದವು. ಹುಲ್ಲಿನ ನಕ್ಷತ್ರಗಳು ಪುಸ್ತಕದ ನಡುವೆ ಇಟ್ಟದ್ದರಿಂದ ಹಾಗೇ ಬಂದವು. ಲೇಬ್‌ಕೂಖನ್ ಬಿಗಿ ಡಬ್ಬಿಯಲ್ಲಿಟ್ಟರೆ ವಾರಗಟ್ಟಲೆ ಇರುತ್ತದೆ. ಗಟ್ಟಿಯಾದರೆ ಒಂದು ಹೋಳು ಸೇಬು ಜೊತೆಗಿಡಿ, ಬೂಸ್ಟು ಬರದಂತೆ ದಿನಾ ಹೋಳು ಬದಲಿಸಿ, ಮತ್ತೆ ಮೆತ್ತಗಾಗುತ್ತದೆ.