ರಾಣಿಗೆ ಬಿಸಿಲು ಬಡಿದ ಮಧ್ಯಾಹ್ನ

ಏಪ್ರಿಲ್ ಬಂತೆಂದರೆ ಕಲಬುರಗಿಯಲ್ಲಿ ನಮ್ಮ ಸರ್ಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ. ಬೆಳಿಗ್ಗೆ 8ಕ್ಕೆ ಶುರು, ಮಧ್ಯಾಹ್ನ 1.30ಕ್ಕೆ ಮನೆಗೆ. ಈ ಭಾಗದ ಬಿಸಿಲು ನೋಡಿ ಸರ್ಕಾರ ಮಾಡಿಕೊಟ್ಟಿರುವ ಅನುಕೂಲ ಇದು. ಹಾಗಾಗಿ ಆ ದಿನ ನಾನು ಎರಡು ಗಂಟೆಯೊಳಗೆ ಮನೆ ಸೇರಿದ್ದೆ. ಹಳೆಯ ವೇಳೆಯೇ ಇದ್ದು ಸಂಜೆ ಬಂದಿದ್ದರೆ ರಾಣಿ ನಮಗೆ ಉಳಿಯುತ್ತಿರಲಿಲ್ಲ.

ರಾಣಿ ನಮ್ಮ ಲ್ಯಾಬ್ರಡಾರ್. ಆಗ ಅವಳಿಗೆ ಏಳು ವರ್ಷ, ತೂಕ 38 ಕೆಜಿ. ಜೋಳದ ರೊಟ್ಟಿಗೆ ತುಪ್ಪ ಸವರಿ ಕೊಟ್ಟರೆ ಎಷ್ಟು ಕೊಟ್ಟರೂ ತಿನ್ನುತ್ತಿದ್ದಳು. ತೂಕ ಇಳಿಸಿ ಅಂತ ಡಾಕ್ಟರು ಹಿಂದಿನ ವರ್ಷವೇ ಹೇಳಿದ್ದರು. ನಾವು ಅದನ್ನು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ.

ಅವಳನ್ನು ಬಿಸಿಲಿಗೆ ಬಿಟ್ಟು ಹೋಗಿರಲಿಲ್ಲ ಎಂಬುದನ್ನು ಮೊದಲೇ ಹೇಳಬೇಕು. ನಮ್ಮ ಅಂಗಳಕ್ಕೆ ಶಹಾಬಾದ್ ಕಲ್ಲು ಹಾಸಿದೆ. ಹನ್ನೊಂದು ಗಂಟೆಯ ಮೇಲೆ ಅದರ ಮೇಲೆ ಬರಿಗಾಲು ಇಡಲಾಗುವುದಿಲ್ಲ. ಅದಕ್ಕೇ ರಾಣಿಯನ್ನು ಒಳಗಿನ ಕೋಣೆಯಲ್ಲಿ ಬಿಟ್ಟು, ಕೂಲರ್ ಹಾಕಿ, ಒಂದು ಬೋಗುಣಿ ನೀರಿಟ್ಟು ಹೋಗುತ್ತಿದ್ದೆವು. ಕೋತಿ ಕಾಟಕ್ಕೆ ಕಿಟಕಿ ಮುಚ್ಚಿರುತ್ತಿತ್ತು. ಬಾಗಿಲೂ ಮುಚ್ಚಿರುತ್ತಿತ್ತು. ತಂಪು ಹೊರಗೆ ಹೋಗದಿರಲಿ ಎಂಬುದು ನಮ್ಮ ಲೆಕ್ಕ.

ಆ ದಿನ ಬಾಗಿಲು ತೆಗೆದಾಗ ಒಳಗಿನಿಂದ ಹಬೆಯಂಥ ಗಾಳಿ ಮುಖಕ್ಕೆ ಹೊಡೆಯಿತು. ಕರೆಂಟ್ ಇರಲಿಲ್ಲ. ಹನ್ನೊಂದೂವರೆಗೇ ಹೋಗಿತ್ತಂತೆ. ಬೋಗುಣಿ ಮಗುಚಿತ್ತು. ರಾಣಿ ಮೂಲೆಯಲ್ಲಿ ಕಾಲು ಚಾಚಿ ಮಲಗಿದ್ದಳು. ನನ್ನನ್ನು ಕಂಡು ಬಾಲ ಅಲ್ಲಾಡಲಿಲ್ಲ. ನಾಲಿಗೆ ಇಷ್ಟುದ್ದ ಹೊರಗೆ ಬಿದ್ದು ಅಗಲವಾಗಿತ್ತು. ಇಟ್ಟಿಗೆಯಷ್ಟು ಕೆಂಪು. ಬಾಯಿಂದ ಅಂಟಂಟಾದ ಜೊಲ್ಲು ಹಗ್ಗದ ಹಾಗೆ ಇಳಿಯುತ್ತಿತ್ತು. ತೇಕುವ ಸದ್ದು ಗರಗಸ ಎಳೆದ ಹಾಗಿತ್ತು. ಪಕ್ಕದಲ್ಲಿ ವಾಂತಿ ಮಾಡಿಕೊಂಡಿದ್ದಳು. ಹೆಸರು ಹಿಡಿದು ಕರೆದೆ. ಏಳಲು ನೋಡಿದಳು, ಹಿಂಗಾಲು ತಡವರಿಸಿ ಹಾಗೇ ಕುಸಿದಳು. ಮೈ ಮುಟ್ಟಿದರೆ ಕಾದ ಹಂಚು.

ನನಗೆ ಕೈಕಾಲು ಆಡಲಿಲ್ಲ. ಅಷ್ಟರಲ್ಲಿ ಸಿಇಟಿ ಕ್ಲಾಸ್ ಮುಗಿಸಿ ಮಗ ಬಂದ. ಅವನು ಬ್ಯಾಗ್ ಎಸೆದು ಓಡಿದ್ದು ಔಷಧಿ ಡಬ್ಬಿಗೆ.

"ಅಮ್ಮಾ, ಜ್ವರ ಅದ. ಪ್ಯಾರಾಸಿಟಮಾಲ್ ಕೊಡಮಾ?"

ಡಬ್ಬಿಯಲ್ಲಿ ಇನ್ನೊಂದು ಸೀಸೆ ಇತ್ತು. ಸಿಬಿಡಿ ಎಣ್ಣೆ. ಅದರ ಕಥೆ ಏನೆಂದರೆ, ದೀಪಾವಳಿಯಲ್ಲಿ ರಾಣಿ ಪಟಾಕಿಗೆ ಹೆದರಿ ಮಂಚದ ಕೆಳಗೆ ನಡುಗುತ್ತಾ ಕೂರುತ್ತಿದ್ದಳು. ಬೆಂಗಳೂರಿನಲ್ಲಿರುವ ನನ್ನ ತಮ್ಮ ಅದಕ್ಕೆಂದು ಕಳಿಸಿದ್ದ. ಭಂಗಿ, ಅಂದರೆ ಗಾಂಜಾ ಗಿಡದ ಎಲೆಯಿಂದ ತೆಗೆದದ್ದು. ಲೇಬಲ್ ಮೇಲೆ ವಿಜಯಾ ಅಂತ ಆಯುರ್ವೇದದ ಹೆಸರಿತ್ತು. ನಾವು ಒಂದು ಸಲವೂ ಬಳಸಿರಲಿಲ್ಲ. ಮಗ ಮೊಬೈಲ್ ತೆರೆದು ಹುಡುಕತೊಡಗಿದ. ಬಿಸಿಲು ಬಡಿದ ನಾಯಿಗೆ ಸಿಬಿಡಿ ಒಳ್ಳೆಯದು, ಉರಿಯೂತ ಕಡಿಮೆ ಮಾಡುತ್ತದೆ, ಸಮಾಧಾನ ಕೊಡುತ್ತದೆ ಎಂದು ಎಲ್ಲೋ ಓದಿದ. ಎಷ್ಟು ಹನಿ ಹಾಕಬೇಕು, ತೂಕಕ್ಕೆ ಲೆಕ್ಕ ಹೇಗೆ ಎಂದು ನೋಡುತ್ತಾ ನಿಂತ. ನಾನು ಪಶುವೈದ್ಯರಿಗೆ ಫೋನ್ ಹಚ್ಚುತ್ತಿದ್ದೆ. ಅವರು ಎತ್ತಲಿಲ್ಲ. ಐದು ನಿಮಿಷ ಹೀಗೇ ಹೋಯಿತು. ರಾಣಿ ಅದೇ ಕೋಣೆಯಲ್ಲಿ, ಅದೇ ಬಿಸಿ ಗಾಳಿಯಲ್ಲಿ ಬೇಯುತ್ತಾ ಬಿದ್ದಿದ್ದಳು. ಆ ಐದು ನಿಮಿಷ ನೆನೆದರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಗದ್ದಲ ಕೇಳಿ ಪಕ್ಕದ ಮನೆ ಕಾಕಾ ಬಂದರು. ಎಪ್ಪತ್ತು ದಾಟಿದವರು. ಊರಲ್ಲಿ ಎಮ್ಮೆ ಕಟ್ಟಿ ಬದುಕಿದವರು. ಮಗ ಡ್ರಾಪರ್ ಹಿಡಿದು ರಾಣಿಯ ಬಾಯಿ ತೆರೆಯುತ್ತಿದ್ದ. ಕಾಕಾ ಅವನ ಕೈ ಹಿಡಿದುಬಿಟ್ಟರು.

"ಏನ್ ಹಾಕ್ಲಕತ್ತೀದಿ? ಅದಕ್ಕ ಎಚ್ಚರ ಇಲ್ಲ, ಗಂಟಲಾಗ ಇಳೀತದೇನು? ಎಮ್ಮಿಗಿ ಬಿಸಿಲು ಬಡಿದ್ರ ಏನ್ ಮಾಡ್ತಾರ? ನೀರು ಹೊಯ್ತಾರ. ಮೊದಲ ಹೊರಗ ತಗಿ, ನೀರು ಹಾಕು."

ನಾವು ಮೂವರೂ ಸೇರಿ ಅವಳನ್ನು ಚಾದರದಲ್ಲಿ ಎತ್ತಿ, ಬೇವಿನ ಮರದ ನೆರಳಿಗೆ ತಂದೆವು. ಪೈಪ್ ಹಚ್ಚಿ ನಲ್ಲಿ ತಿರುಗಿಸಿದೆ. ಬಂದದ್ದು ಕುದಿಯುವ ನೀರು. ನಮ್ಮ ಊರಲ್ಲಿ ಬೇಸಿಗೆ ಮಧ್ಯಾಹ್ನ ಮಾಳಿಗೆ ಮೇಲಿನ ಟ್ಯಾಂಕಿನ ನೀರು ಹೇಗಿರುತ್ತದೆ ಎಂದು ಇಲ್ಲಿನವರಿಗೆ ಗೊತ್ತು. ಗಾಬರಿಯಲ್ಲಿ ಅದನ್ನೇ ಸುರಿದಿದ್ದರೆ ಏನಾಗುತ್ತಿತ್ತೋ. ಅಡುಗೆಮನೆಗೆ ಓಡಿ ಮಣ್ಣಿನ ರಂಜಣಗಿಯ ನೀರನ್ನು ತಂದು ಅವಳ ಹೊಟ್ಟೆ, ತೊಡೆಯ ಸಂದು, ಬೆನ್ನು, ಕುತ್ತಿಗೆಗೆ ಸುರಿದೆ. ಅದು ಮುಗಿಯುವ ಹೊತ್ತಿಗೆ ಮಗ ಸಂಪಿನ ಮುಚ್ಚಳ ತೆಗೆದು ಬಕೆಟ್ ಇಳಿಸಿದ್ದ. ನೆಲದೊಳಗಿನ ನೀರು ತಂಪಾಗಿತ್ತು. ಒಂದರ ಹಿಂದೆ ಒಂದು ಬಕೆಟ್. ಮೂಗು, ಬಾಯಿಗೆ ನೀರು ಹೋಗದ ಹಾಗೆ ಕಾಕಾ ತಲೆ ಎತ್ತಿ ಹಿಡಿದಿದ್ದರು. ನಾನು ಮೊರ ತಂದು ಗಾಳಿ ಬೀಸಿದೆ.

ಕಾಕಾ ಒಂದು ಗೋಣಿಚೀಲ ತೋಯಿಸಿ ಅವಳ ಮೇಲೆ ಹೊದಿಸಿದರು. ಪಾಪ, ಒಳ್ಳೆಯದಾಗಲಿ ಅಂತಲೇ ಮಾಡಿದ್ದು. ಅದು ತಪ್ಪು ಎಂದು ನಮಗೆ ಆಮೇಲೆ ತಿಳಿಯಿತು. ಒದ್ದೆ ಬಟ್ಟೆ ಸ್ವಲ್ಪ ಹೊತ್ತಿನಲ್ಲೇ ಮೈಯ ಬಿಸಿಗೆ ಕಾದು, ಗಾಳಿ ತಾಗದಂತೆ ಮುಚ್ಚಿ ಹಾಕುತ್ತದಂತೆ. ಮೈ ಒದ್ದೆಯಿರಬೇಕು, ಮೇಲೆ ಗಾಳಿ ಆಡಬೇಕು.

ಏಳೆಂಟು ಬಕೆಟ್ ಆದ ಮೇಲೆ ತೇಕುವುದು ಸ್ವಲ್ಪ ಇಳಿಯಿತು. ಕಣ್ಣು ನನ್ನ ಕಡೆ ಹೊರಳಿತು. ಆಗ ಕಾಕಾನ ಅಳಿಯ ಕಾರು ತಂದ. ಎಸಿ ಜೋರಾಗಿ ಹಾಕಿ, ತೊಯ್ದ ಮೈಯಲ್ಲೇ ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ಸೀಟು ಪೂರ್ತಿ ಹಾಳಾಯಿತು. ಆ ಹುಡುಗ ಒಂದು ಮಾತೂ ಆಡಲಿಲ್ಲ.

ಬೇರೊಬ್ಬ ಡಾಕ್ಟರ ಕ್ಲಿನಿಕ್ ತೆರೆದಿತ್ತು. ಬೀದರಿನ ವೆಟರ್ನರಿ ಕಾಲೇಜಿನಲ್ಲಿ ಓದಿದ ಹೆಣ್ಣುಮಗಳು. ಥರ್ಮಾಮೀಟರ್ 105.2 ಫ್ಯಾರನ್‌ಹೀಟ್ ತೋರಿಸಿತು. ನಾಯಿಗಳಿಗೆ 101ರಿಂದ 102.5 ಸಹಜ. ಇಷ್ಟು ನೀರು ಹೊಯ್ದ ಮೇಲೂ ಇಷ್ಟಿದ್ದರೆ ಮೊದಲು ಎಷ್ಟಿತ್ತೋ. ಅವರು ಇನ್ನಷ್ಟು ನೀರು ಹಾಕಿ ಫ್ಯಾನ್ ಹಚ್ಚಿದರು. 103ಕ್ಕೆ ಬಂದ ಕೂಡಲೇ ನಿಲ್ಲಿಸಿದರು. ಅದಕ್ಕೂ ಕೆಳಗೆ ತಣಿಸಲು ಹೋದರೆ ಮೈ ತೀರಾ ತಣ್ಣಗಾಗಿಬಿಡುವ ಅಪಾಯ ಇದೆಯಂತೆ. ಸಲಾಯಿನ್ ಹಚ್ಚಿದರು, ಆಕ್ಸಿಜನ್ ಕೊಟ್ಟರು. ರಕ್ತದಲ್ಲಿ ಸಕ್ಕರೆ ಇಳಿದಿತ್ತು, ಗ್ಲೂಕೋಸ್ ಹೋಯಿತು.

"ನೀರು ಹಾಕ್ಕೊಂಡು ತಂದಿದ್ದು ಬಹಳ ಚೊಲೊ ಆಯ್ತ್ರಿ. ಎಷ್ಟೋ ಮಂದಿ ಹಂಗೇ ಗಾಡ್ಯಾಗ ಹಾಕ್ಕೊಂಡು ಓಡಿ ಬರ್ತಾರ. ದಾರ್ಯಾಗೇ ಹೋಗಿಬಿಡ್ತಾವ," ಎಂದರು.

ಮೊದಲು ತಣಿಸು, ಆಮೇಲೆ ಸಾಗಿಸು. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನ ಸಂಶೋಧಕರು ಇದನ್ನೇ ಒತ್ತಿ ಹೇಳುತ್ತಾರೆ ಎಂದು ಆಮೇಲೆ ಓದಿ ತಿಳಿದೆ. ತಣ್ಣೀರು ಹಾಕಿದರೆ ರಕ್ತನಾಳ ಕುಗ್ಗುತ್ತದೆ, ಹಾಕಬಾರದು ಎಂಬ ಮಾತು ನಾನೂ ಕೇಳಿದ್ದೆ. ಆ ಹೆದರಿಕೆಯಲ್ಲಿ ಕಾಯುತ್ತಾ ಕೂರಬಾರದು. ನಾಯಿಯ ಮೈಗಿಂತ ತಂಪಾಗಿರುವ ಯಾವ ನೀರಾದರೂ ಆಗುತ್ತದೆ. ಗಟ್ಟಿಮುಟ್ಟಾದ ಎಳೆ ನಾಯಿಯನ್ನು ತಣ್ಣೀರಲ್ಲಿ ಮುಳುಗಿಸಿ, ತಲೆ ಮೇಲಿಟ್ಟು ಹಿಡಿಯಬಹುದು. ವಯಸ್ಸಾದ, ಕಾಯಿಲೆಯ ನಾಯಿಗೆ ನೀರು ಹೊಯ್ದು ಗಾಳಿ ಬೀಸುವುದು ಮೇಲು.

ರಾಣಿ ಮಲಗಿದ್ದಾಗ ನಾನು ಡಾಕ್ಟರನ್ನು ಕೇಳಿದೆ. ಕೋಣೆಯೊಳಗಿದ್ದಳು, ನೆರಳಿತ್ತು, ಕೂಲರ್ ಇತ್ತು. ಹೀಗೇಕಾಯಿತು? ಅವರು ಕೊಟ್ಟ ಉತ್ತರ ನನ್ನ ಕಣ್ಣು ತೆರೆಸಿತು. ನಾಯಿ ನಮ್ಮ ಹಾಗೆ ಮೈಯೆಲ್ಲಾ ಬೆವರುವುದಿಲ್ಲ. ಪಾದದ ಮೆತ್ತೆಯಲ್ಲಿ ಸ್ವಲ್ಪ ಬೆವರುತ್ತದೆ, ಅಷ್ಟೇ. ಅದು ತಣ್ಣಗಾಗುವುದು ತೇಕಿ. ನಾಲಿಗೆ, ಬಾಯಿ, ಮೂಗಿನ ಪಸೆ ಆವಿಯಾದರೆ ಮೈ ಬಿಸಿ ಇಳಿಯುತ್ತದೆ. ಗಾಳಿಯಲ್ಲೇ ನೀರಿನ ಅಂಶ ಜಾಸ್ತಿ ಇದ್ದರೆ ಆವಿಯಾಗುವುದು ಹೇಗೆ? ಕೂಲರ್ ಕೋಣೆಗೆ ಒದ್ದೆ ಗಾಳಿ ತುಂಬುತ್ತದೆ. ಕಿಟಕಿ ತೆರೆದಿದ್ದರೆ ಅದು ಹೊರಗೆ ಹೋಗುತ್ತದೆ. ನಾವು ಎಲ್ಲಾ ಮುಚ್ಚಿದ್ದೆವು. ಕರೆಂಟ್ ಹೋದ ಮೇಲೆ ಆ ಒದ್ದೆ ಗಾಳಿ ಹಾಗೇ ನಿಂತು ಕಾಯಿತು. ಅವಳು ತೇಕಿದಷ್ಟೂ ಕೋಣೆ ಇನ್ನಷ್ಟು ಒದ್ದೆಯಾಯಿತು. ತೇಕುವುದಕ್ಕೆ ಮೈ ದಣಿದು ಬಿಸಿ ಮತ್ತೂ ಏರಿತು. ಮೇಲೆ ದಪ್ಪ ಮೈ ಬೇರೆ. ಪಗ್, ಬುಲ್‌ಡಾಗ್, ಶಿಟ್ಜು ಥರದ ಮೊಂಡು ಮೂಗಿನ ನಾಯಿಗಳಾದರೆ ಇಷ್ಟು ಹೊತ್ತು ಕೂಡ ತಡೆಯುವುದಿಲ್ಲ ಎಂದರು.

ಮಗ ತಲೆ ಬಗ್ಗಿಸಿಕೊಂಡೇ ಆ ಸೀಸೆಯ ವಿಷಯ ಕೇಳಿದ. ಡಾಕ್ಟರು ಅವನನ್ನು ಬೈಯಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ತಿಳಿಸಿದರು. ನಾಯಿಗಳ ಮೂಳೆ ಸಂದಿನ ನೋವಿಗೆ ಸಿಬಿಡಿ ಕೊಟ್ಟು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದಾರೆ, ನೋವು ಕಡಿಮೆಯಾದದ್ದು ಕಂಡಿದೆ. ಅಪಸ್ಮಾರಕ್ಕೂ ಪರೀಕ್ಷೆ ನಡೆದಿದೆ. ಆದರೆ ಬಿಸಿಲು ಬಡಿದದ್ದು ನೋವೂ ಅಲ್ಲ, ಹೆದರಿಕೆಯೂ ಅಲ್ಲ. ಮೈಯೊಳಗೆ ಸೇರಿಕೊಂಡ ಬಿಸಿ ಅದು. ಯಾವ ಎಣ್ಣೆಯೂ ಆ ಬಿಸಿಯನ್ನು ಹೊರಗೆ ತೆಗೆಯುವುದಿಲ್ಲ. ಎಚ್ಚರ ತಪ್ಪಿದ ನಾಯಿಯ ಬಾಯಿಗೆ ಎಣ್ಣೆ ಹಾಕಿದರೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಸಿಬಿಡಿಗೆ ಮಂಪರು ತರುವ ಗುಣ ಇದೆ. ನಾಯಿ ಸುಧಾರಿಸಿ ಮಲಗಿದೆಯೋ, ಕೈಮೀರಿ ಮಲಗಿದೆಯೋ ಎಂದು ಆಮೇಲೆ ಗುರುತಿಸುವುದು ಕಷ್ಟ. ಸಿಬಿಡಿ ಕೊಟ್ಟ ನಾಯಿಗಳಲ್ಲಿ ಲಿವರ್‌ನ ಒಂದು ಕಿಣ್ವ ಏರಿದ್ದು ಕಂಡಿದೆ. ಬಿಸಿಲು ಬಡಿದಾಗ ಮೊದಲು ಪೆಟ್ಟು ತಿನ್ನುವುದರಲ್ಲಿ ಲಿವರ್ ಕೂಡ ಒಂದು. ಸೀಸೆಯಲ್ಲಿ ಗಾಂಜಾದ ನಶೆಯ ಅಂಶ ಟಿಎಚ್‌ಸಿ ಬೆರೆತಿದ್ದರಂತೂ ನಾಯಿ ಅದರಿಂದಲೇ ತೂರಾಡುತ್ತದೆ.

ಪ್ಯಾರಾಸಿಟಮಾಲ್ ಕೂಡ ಹಾಗೇ. ಇದು ಜ್ವರ ಅಲ್ಲ, ಜ್ವರದ ಮಾತ್ರೆ ಕೆಲಸ ಮಾಡುವುದಿಲ್ಲ. ಮನುಷ್ಯರ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ನಾಯಿಗೆ ವಿಷವೇ ಆಗಬಹುದು.

ಮೈ ತಣ್ಣಗಾಯಿತು, ಇನ್ನು ಮನೆಗೆ ಹೋಗಬಹುದು ಅಂದುಕೊಂಡಿದ್ದೆ. ಡಾಕ್ಟರು ಬಿಡಲಿಲ್ಲ. ಒಳಗಿನ ಪೆಟ್ಟು ಕಾಣಿಸಿಕೊಳ್ಳಲು ಎರಡು ಮೂರು ದಿನ ಬೇಕಾಗಬಹುದು ಎಂದರು. ಅವರ ಮಾತು ನಿಜವಾಯಿತು. ಆ ರಾತ್ರಿ ರಾಣಿ ರಕ್ತ ಬೆರೆತ ಭೇದಿ ಮಾಡಿಕೊಂಡಳು. ಮರುದಿನ ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್ಲೆಟ್ ಇಳಿದಿತ್ತು, ಕಿಡ್ನಿಗೆ ಪೆಟ್ಟಾದರೆ ಏರುವ ಕ್ರಿಯಾಟಿನಿನ್ ಏರಿತ್ತು. ಹೊಟ್ಟೆಯ ಚರ್ಮದ ಮೇಲೆ ಸಣ್ಣ ಸಣ್ಣ ನೀಲಿ ಚುಕ್ಕೆ. ರಕ್ತ ಹೆಪ್ಪುಗಟ್ಟುವ ಶಕ್ತಿಯೇ ಕೆಟ್ಟರೆ ಉಳಿಸುವುದು ಕಷ್ಟ ಎಂದು ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದರು. ಮಗ ಆ ದಿನ ಕ್ಲಾಸಿಗೆ ಹೋಗಲಿಲ್ಲ. ಪುಸ್ತಕ ಹಿಡಿದು ಅವಳ ಪಕ್ಕದ ಸ್ಟೂಲಿನಲ್ಲಿ ಕೂತಿದ್ದ. ಒಂದು ಹಾಳೆಯೂ ಮಗುಚಲಿಲ್ಲ.

ಮೂರನೇ ದಿನ ಬೆಳಿಗ್ಗೆ ಕಾಕಾ ನೋಡಲು ಬಂದರು. ಅವರ ಚಪ್ಪಲಿ ಸದ್ದಿಗೆ ರಾಣಿಯ ಬಾಲ ಎರಡು ಸಲ ನೆಲಕ್ಕೆ ಬಡಿಯಿತು. ಕಾಕಾ ಹೆಗಲ ಮೇಲಿನ ಟವೆಲ್‌ನಿಂದ ಕಣ್ಣು ಒರೆಸಿಕೊಂಡರು.

ಈಗ ನಮ್ಮ ಮನೆಯಲ್ಲಿ ಕೆಲವು ಬದಲಾವಣೆ ಆಗಿದೆ. ಕಿಟಕಿಗೆ ಜಾಳಿಗೆ ಹಾಕಿಸಿದ್ದೇವೆ, ಅದು ದಿನವಿಡೀ ತೆರೆದಿರುತ್ತದೆ. ಫ್ಯಾನಿಗೆ ಇನ್ವರ್ಟರ್ ಇದೆ. ಕಚೇರಿಗೆ ಹೋಗುವಾಗ ರಾಣಿಯನ್ನು ಕಾಕಾನ ಮನೆಯ ಪಡಸಾಲೆಯಲ್ಲಿ ಬಿಡುತ್ತೇನೆ. ಒಂದು ಸಲ ಬಿಸಿಲು ಬಡಿದ ನಾಯಿಯನ್ನು ಮತ್ತೂ ಎಚ್ಚರದಿಂದ ನೋಡಿಕೊಳ್ಳಬೇಕು ಎಂದು ಡಾಕ್ಟರು ಹೇಳಿದ್ದಾರೆ. ಅದಕ್ಕೇ ಬೇಸಿಗೆಯಲ್ಲಿ ವಾಕಿಂಗ್ ಬೆಳಿಗ್ಗೆ ಆರರ ಒಳಗೆ ಮುಗಿಯಬೇಕು. ಸಂಜೆ ಹೊರಡುವ ಮೊದಲು ಮಗ ಅಂಗೈಯ ಹಿಂಭಾಗವನ್ನು ರಸ್ತೆಯ ಮೇಲೆ ಇಟ್ಟು ನೋಡುತ್ತಾನೆ. ಅವನಿಗೆ ಸುಟ್ಟರೆ ಅವಳೂ ಹೋಗುವುದಿಲ್ಲ. ತೂಕ 31ಕ್ಕೆ ಇಳಿದಿದೆ. ರೊಟ್ಟಿ ಒಂದೇ, ತುಪ್ಪ ಇಲ್ಲ.

ಕಳೆದ ತಿಂಗಳು ಮಧ್ಯಾಹ್ನ ನನ್ನ ಸಹೋದ್ಯೋಗಿ ಫೋನ್ ಮಾಡಿದಳು. ದನಿ ನಡುಗುತ್ತಿತ್ತು. ಅವರ ಪಗ್ ಅಂಗಳದಲ್ಲಿ ಬಿದ್ದಿದೆ, ನಾಲಿಗೆ ಹೊರಗೆ ಹಾಕಿ ತೇಕುತ್ತಿದೆ, ಆಟೋ ಹುಡುಕುತ್ತಿದ್ದೇವೆ, ಯಾವ ಔಷಧಿ ಕೊಡಲಿ ಎಂದಳು.

"ಆಟೋ ಆಮೇಲೆ. ಔಷಧಿ ಏನೂ ಬೇಡ. ನೆರಳಿಗೆ ಎತ್ತಿಕೊಂಡು ಹೋಗು. ನಲ್ಲಿ ನೀರು ಕೈಗೆ ಬಿಸಿ ತಾಗಿದರೆ ಬಿಡು, ಸಂಪಿನ ನೀರು ತಾ. ಮೈಮೇಲೆ ಹೊಯ್ಯಿ. ಫೋನ್ ಇಡಬೇಡ," ಎಂದೆ.

ಆ ಕಡೆ ಬಕೆಟ್ ಸಂಪಿನ ಗೋಡೆಗೆ ಬಡಿದ ಸದ್ದು ಕೇಳಿಸಿತು. ಆಮೇಲೆ ನೀರು ಬಿದ್ದ ಸದ್ದು.

"ಬೀಸಣಿಕೆ ಇದೆಯಾ? ಗಾಳಿ ಬೀಸು. ನಾಲಿಗೆ ಬಣ್ಣ ಹೇಗಿದೆ?"

"ಇನ್ನೂ ಕೆಂಪಗೇ ಇದೆ ಅಕ್ಕಾ."

"ಇನ್ನೊಂದು ಬಕೆಟ್ ಹಾಕು. ನಾನು ಗಾಡಿ ತಗೊಂಡು ಹೊರಟೆ."