ಪದ್ಯದಲ್ಲಿ ಬಿಳಿ ಬಂದ್ರೆ ಶುದ್ಧ ಅಂತಾನೇ ಅರ್ಥನಾ?

ನಂಗೆ ಪದ್ಯ ಓದೋ ಹುಚ್ಚಿದೆ ಅಂತ ಗೊತ್ತಾದ್ಮೇಲೆ ಗುರುತಿನೋರ ಮನೆ ಪಿಯುಸಿ, ಡಿಗ್ರಿ ಮಕ್ಕಳೆಲ್ಲ ಕೇಳೋದು ಒಂದೇ, ‘ಸಾರ್, ಇಲ್ಲಿ ಬಿಳಿ ಯಾವುದರ ಸಂಕೇತ?’ ಗೈಡಲ್ಲಿ ಉತ್ತರ ಆಗ್ಲೇ ಇರುತ್ತೆ, ಬಿಳಿ ಶಾಂತಿ, ಹಸಿರು ಸಮೃದ್ಧಿ, ಕೆಂಪು ಕ್ರಾಂತಿ. ನಾನು ಹೂಂ ಅಂದ್ರೆ ಸಾಕು ಅವ್ರಿಗೆ. ನಾನು ಅನ್ನಲ್ಲ. ಆ ಬಣ್ಣ ಯಾರ ಮೈಮೇಲಿದೆ, ಅದನ್ನ ನೋಡಿ ಮೋಸ ಹೋಗ್ತಿರೋದು ಯಾರು, ಅದನ್ನ ಮೊದ್ಲು ಹೇಳಪ್ಪ ಅಂತೀನಿ.

ಬೆಳ್ಳಕ್ಕಿನೇ ತಗೊಳ್ಳಿ, ನಮ್ ಮಂಡ್ಯ ಕಡೆ ಗದ್ದೆ ಉಳುವಾಗ ಟ್ರ್ಯಾಕ್ಟರ್ ಹಿಂದೇನೇ ಹುಳ ಹೆಕ್ಕೊಂಡು ಬರ್ತವಲ್ಲ, ಅವೇ. ಕುವೆಂಪು ಅವರ ‘ದೇವರು ರುಜು ಮಾಡಿದನು’ ಪದ್ಯದಲ್ಲಿ ತುಂಗೆ, ಕಾಡು, ಬೆಟ್ಟದ ಎದುರು ಹಾರೋ ಬೆಳ್ಳಕ್ಕಿ ಸಾಲು ದೇವರು ತನ್ನ ಸೃಷ್ಟಿಗೆ ಹಾಕಿದ ಸೈನೇ ಆಗ್ಬಿಡುತ್ತೆ. ಅದೇ ಬಳಗದ ಹಕ್ಕಿ ನೀರಿನಂಚಲ್ಲಿ ಅಲ್ಲಾಡದೆ ನಿಂತ್ರೆ ನಮ್ ಹಿರೀಕರು ಬಕಧ್ಯಾನ ಅಂದ್ರು. ಪಂಚತಂತ್ರದ ಮುದಿ ಬಕ ಬೇರೆ ಕೆರೆಗೆ ಬಿಡ್ತೀನಿ ಅಂತ ಮೀನುಗಳನ್ನ ನಂಬ್ಸಿ ಒಂದೊಂದೇ ತಿಂದು ಮುಗಿಸಿ ಕೊನೆಗೆ ಏಡಿ ಕೈಲಿ ಕತ್ತು ಕತ್ತರಿಸ್ಕೊಂಡು ಸಾಯುತ್ತೆ. ಇದನ್ನ ಗೈಡಿನೋರು ಶಾಂತಿ ಪಟ್ಟಿಗೆ ಹೆಂಗ್ ಸೇರಿಸ್ತಾರೋ ನೋಡ್ಬೇಕು!

ಕೊಳದ ಬಕ ಇನ್ನೂ ಕಿಲಾಡಿ. ನಾಲೆ ಏರಿ ಮೇಲೆ ಮಣ್ಣಿನ ಬಣ್ಣದಲ್ಲಿ ಕೂತಿದ್ರೆ ಪಕ್ಕದಲ್ಲೇ ನಡ್ಕೊಂಡ್ ಹೋದ್ರೂ ಕಾಣಲ್ಲ, ಹಾರಿದ್ರೆ ರೆಕ್ಕೆ ಪೂರಾ ಬಿಳಿ.

ಇನ್ನು ಹಸಿರು ಗದ್ದೆ ಮಧ್ಯೆ ಬೆಳ್ಳಗೆ ನೆಟ್ಟಗೆ ನಿಂತ ತೆನೆ. ಮೈಸೂರು ರೋಡಲ್ಲಿ ಕಾರ್ ನಿಲ್ಸಿ ಫೋಟೋ ತೆಗ್ಯೋರಿಗೆ ಅದು ಚೆಂದ, ಗದ್ದೆಯೋನಿಗೆ ಹೊಟ್ಟೆ ಉರಿ, ಯಾಕಂದ್ರೆ ಕಾಂಡ ಕೊರೆಯೋ ಹುಳ ಒಳಗೆ ಸೇರಿ ತೆನೆ ಪೂರ್ತಿ ಜಳ್ಳು. ಕಾಳು ಕಟ್ಟಿದ ತೆನೆ ಬಾಗುತ್ತೆ, ಇದು ಬಾಗೋಕೆ ಒಳಗೆ ಏನಿದೆ?

ಈ ಬಿಳಿ ಮೋಸಾನ ಅತಿ ಕ್ರೂರವಾಗಿ ಬರ್ದಿರೋದು ಅಮೆರಿಕದ ರಾಬರ್ಟ್ ಫ್ರಾಸ್ಟ್. ಪದ್ಯದ ಹೆಸರು ‘ಡಿಸೈನ್’, ಹದಿನಾಲ್ಕೇ ಸಾಲು, 1912ರಲ್ಲಿ ಒಂದ್ಸಲ ಬರ್ದು ಆಮೇಲೆ ತಿದ್ದಿದ್ದು. ಮಾಮೂಲಾಗಿ ನೀಲಿ ಇರೋ ಒಂದು ಕಾಡುಹೂವು ಅಲ್ಲಿ ಬೆಳ್ಳಗಿದೆ, ಅದರ ಮೇಲೆ ದಪ್ಪನೆ ಬಿಳಿ ಜೇಡ, ಜೇಡನ ಹಿಡಿತದಲ್ಲಿ ಸತ್ತ ಬಿಳಿ ಪತಂಗ. ರಾತ್ರಿ ಹೊತ್ತು ಇವು ಮೂರನ್ನೂ ಒಂದೇ ಕಡೆ ಸೇರಿಸಿದ್ದು ಯಾರು, ಇದೂ ಒಂದು ಪ್ಲಾನಾ ಅಂತ ಕೇಳ್ತಾನೆ. ಅಂದಹಾಗೆ, ಬಲೆ ಕಟ್ಟದೆ ಹೂವಲ್ಲೇ ಹೊಂಚು ಹಾಕೋ ಏಡಿ ಜೇಡಗಳಲ್ಲಿ ಕೆಲವು ಕೂತ ಹೂವಿಗೆ ತಕ್ಕಂಗೆ ಕೆಲವು ದಿನಗಳಲ್ಲಿ ಬಿಳಿಯಿಂದ ಹಳದಿಗೆ, ಹಳದಿಯಿಂದ ಬಿಳಿಗೆ ಬಣ್ಣ ಬದಲಿಸ್ತವೆ.

ಸೃಷ್ಟಿ ಹಿಂದೆ ಒಂದು ಕೈ ಇದೆಯಾ ಅನ್ನೋದೇ ಕುವೆಂಪು, ಫ್ರಾಸ್ಟ್ ಇಬ್ಬರ ವಿಷಯಾನೂ, ಇಬ್ಬರ ಸಾಕ್ಷಿನೂ ಬಿಳೀನೇ. ಫ್ರಾಸ್ಟ್ ಮೂಗು ತಾಗೋಷ್ಟು ಹತ್ರ ಬಗ್ಗಿ ನೋಡ್ತಾನೆ, ಕುವೆಂಪು ಹಕ್ಕಿ ಕೊಕ್ಕಲ್ಲಿ ಏನಿದೆ ಅಂತ ಕಾಣದಷ್ಟು ದೂರ ನಿಲ್ತಾರೆ. ಮಲೆನಾಡಲ್ಲಿ ಬೆಳೆದೋರು, ಬೆಳ್ಳಕ್ಕಿ ಏನು ತಿನ್ನುತ್ತೆ ಅಂತ ಗೊತ್ತಿಲ್ದೇ ಇರುತ್ತಾ? ಗೊತ್ತಿದ್ದೇ ಆ ಪದ್ಯ ಮುಗಿಯೋವರೆಗೂ ಅದನ್ನ ನೆಲಕ್ಕೆ ಇಳೀಲಿಕ್ಕೆ ಬಿಡ್ಲಿಲ್ಲ ಅಂತ ನನ್ ಅನುಮಾನ.